ಏಳು ಅಂಕದ ದಯೆ

1858ರ ಏಪ್ರಿಲ್. ಉತ್ತರದಲ್ಲಿ ದಂಗೆಯ ಬೆಂಕಿ ಇನ್ನೂ ಆರಿರಲಿಲ್ಲ. ಝಾನ್ಸಿಯ ಕೋಟೆ ಆಗಷ್ಟೇ ಇಂಗ್ಲಿಷರ ವಶವಾಗಿತ್ತು. ಅದೇ ತಿಂಗಳು ಕಲ್ಕತ್ತ ವಿಶ್ವವಿದ್ಯಾಲಯದ ಸಿಂಡಿಕೇಟಿನ ಮುಂದೆ ಇದ್ದ ಪೇಚೇ ಬೇರೆ. ವಿಶ್ವವಿದ್ಯಾಲಯ ಹುಟ್ಟಿ ಒಂದೂಕಾಲು ವರ್ಷ. ಮೊಟ್ಟಮೊದಲ ಬಿ.ಎ. ಪರೀಕ್ಷೆ ಮುಗಿದಿದೆ, ಫಲಿತಾಂಶ ಕೈಯಲ್ಲಿದೆ. ಒಬ್ಬನೂ ಪಾಸಾಗಿಲ್ಲ.

ಪರೀಕ್ಷೆಗೆ ಕೂತವರೇ ಬೆರಳೆಣಿಕೆಯ ಮಂದಿ. ಆದರೂ ಪದವಿ ಕೊಡಲೆಂದೇ ಕಾಯ್ದೆ ಮಾಡಿ ಕಟ್ಟಿದ ಸಂಸ್ಥೆ ಮೊದಲ ವರ್ಷವೇ ಬರಿಗೈಯಲ್ಲಿ ಘಟಿಕೋತ್ಸವ ನಡೆಸುವುದು ಹೇಗೆ? ಪರೀಕ್ಷಕರ ಮಂಡಳಿ ಒಂದು ದಾರಿ ಹುಡುಕಿತು. ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿಯೇ ದಾಟಿ, ಆರನೆಯದರಲ್ಲಿ ಎಡವಿದ ಇಬ್ಬರು ಹುಡುಗರಿದ್ದರು. ಕೊರತೆ ಏಳು ಅಂಕಕ್ಕಿಂತ ಹೆಚ್ಚಿರಲಿಲ್ಲ. ಅವರಿಬ್ಬರಿಗೆ ವಿಶೇಷ ಕೃಪೆಯಿಂದ ಎರಡನೇ ದರ್ಜೆಯಲ್ಲಿ ಪದವಿ ಕೊಡಬಹುದು ಎಂದು ಸಿಂಡಿಕೇಟ್ ಠರಾವು ಮಾಡಿತು. ಇದನ್ನು ಮುಂದಿನ ಯಾವ ವರ್ಷಕ್ಕೂ ಮೇಲ್ಪಂಕ್ತಿಯೆಂದು ತಿಳಿಯತಕ್ಕದ್ದಲ್ಲ ಎಂಬ ಮಾತನ್ನೂ ಠರಾವಿಗೆ ಸೇರಿಸಿತು.

ಆ ಇಬ್ಬರಲ್ಲಿ ಒಬ್ಬ ಜದುನಾಥ ಬೋಸ್. ಇನ್ನೊಬ್ಬ, ಹತ್ತೊಂಬತ್ತರ ಹರೆಯದ ಬಂಕಿಮಚಂದ್ರ ಚಟ್ಟೋಪಾಧ್ಯಾಯ.

ಹೌದು, ಅದೇ ಬಂಕಿಮಚಂದ್ರ. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ‘ಆನಂದಮಠ’ ಬರೆದಾತ ಗ್ರೇಸ್ ಮಾರ್ಕ್ಸಿನ ಗಿರಾಕಿ. ಕೈಕೊಟ್ಟ ಆ ವಿಷಯ ಬಂಗಾಳಿಯೇ ಎಂದೂ, ಫೇಲು ಮಾಡಿದ ಪರೀಕ್ಷಕ ಸಾಕ್ಷಾತ್ ಈಶ್ವರಚಂದ್ರ ವಿದ್ಯಾಸಾಗರರೇ ಎಂದೂ ಬಂಗಾಳದಲ್ಲಿ ಒಂದು ಕಥೆ ಓಡಾಡುತ್ತದೆ. ಮುಂದೆ ಬಂಗಾಳಿ ಗದ್ಯದ ಸಾಮ್ರಾಟನಾದವನನ್ನು ಬಂಗಾಳಿ ಗದ್ಯದ ಪಿತಾಮಹ ಬಂಗಾಳಿಯಲ್ಲಿ ಉರುಳಿಸಿದ ಎಂಬ ಈ ಕಥೆ ನಂಬಲು ತುಸು ಹೆಚ್ಚೇ ರುಚಿಯಾಗಿದೆ. ಮನೋವಿಜ್ಞಾನ, ನೀತಿಶಾಸ್ತ್ರದ ಪತ್ರಿಕೆ ಕೈಕೊಟ್ಟಿತೆಂದು ಹೇಳುವವರೂ ಇದ್ದಾರೆ. ಕನ್ನಡದ ಓದುಗರಿಗೆ ಮಾತ್ರ ಇದರಲ್ಲಿ ಬೇರೆಯೇ ಒಂದು ಸ್ವಾರಸ್ಯವಿದೆ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಮೊದಲು ಕನ್ನಡಕ್ಕೆ ತಂದದ್ದು ವಿದ್ಯಾಸಾಗರರ ‘ಭ್ರಾಂತಿವಿಲಾಸ’ವನ್ನು, ಆಮೇಲೆ ಬಂಕಿಮರ ಕಾದಂಬರಿಗಳನ್ನು ಸಾಲುಸಾಲಾಗಿ. ಕಥೆಯ ಪರೀಕ್ಷಕನನ್ನೂ ಪರೀಕ್ಷಾರ್ಥಿಯನ್ನೂ ಕನ್ನಡದ ಮನೆಗಳಿಗೆ ಕರೆತಂದದ್ದು ಒಂದೇ ಲೇಖನಿ.

ಬಂಕಿಮರಿಗೆ ಆ ಏಳು ಅಂಕ ದಕ್ಕಿದ್ದರ ಫಲ ತಡವಾಗಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಅವರು ಜೆಸೋರಿನಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಮೂರು ದಶಕ ಸರ್ಕಾರಿ ನೌಕರಿ. ಡಿಸೆಂಬರಿನ ಘಟಿಕೋತ್ಸವದಲ್ಲಿ ಪದವಿ ಕೈಗೆ ಬರುವಷ್ಟರಲ್ಲಿ ಹುಡುಗ ಅಧಿಕಾರಿಯಾಗಿಬಿಟ್ಟಿದ್ದ. ಪದವಿಯೆಂದರೆ ನೌಕರಿಯ ರಹದಾರಿ ಎಂಬುದು ಮೊದಲ ಬ್ಯಾಚಿನಲ್ಲೇ ತೀರ್ಮಾನವಾಗಿತ್ತು. ಅಂಕಕ್ಕೆ ಈ ದೇಶದಲ್ಲಿ ಇಷ್ಟು ಬೆಲೆ ಬಂದದ್ದು ಅಲ್ಲಿಂದ.

1857ರಲ್ಲಿ ಹುಟ್ಟಿದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಮೂರೂ ಅಂದಿನ ಲಂಡನ್ ವಿಶ್ವವಿದ್ಯಾಲಯದ ಪಡಿಯಚ್ಚು. ಪಾಠ ಹೇಳುವುದು ಕಾಲೇಜಿನ ಕೆಲಸ, ಪರೀಕ್ಷೆ ಮಾಡಿ ದರ್ಜೆ ಹಂಚುವುದು ವಿಶ್ವವಿದ್ಯಾಲಯದ ಕೆಲಸ. ಮೇಷ್ಟರಿಗೆ ತಮ್ಮ ಹುಡುಗ ಎಂಥವನೆಂದು ಗೊತ್ತು, ಆದರೆ ಅಂಕ ಹಾಕುವ ಅಧಿಕಾರವಿಲ್ಲ; ಅಂಕ ಹಾಕುವವನಿಗೆ ರಿಜಿಸ್ಟರ್ ನಂಬರ್ ಬಿಟ್ಟು ಬೇರೇನೂ ಗೊತ್ತಿಲ್ಲ. ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗುವವರೆಗೆ ಮದರಾಸಿಗೇ ಸೇರಿದ್ದವು. ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗರು 1949ರವರೆಗೆ ಬೊಂಬಾಯಿಯ ಲೆಕ್ಕದಲ್ಲಿದ್ದರು. ನಾಡು ಹಂಚಿಹೋಗಿದ್ದಂತೆ ಅಂಕಪಟ್ಟಿಯೂ ಹಂಚಿಹೋಗಿತ್ತು.

ಕಲ್ಕತ್ತೆ ತೋರಿದ ಔದಾರ್ಯ ಎಲ್ಲ ಕಡೆಯೂ ಸಿಗುತ್ತಿರಲಿಲ್ಲ. ಮದರಾಸು ವಿಶ್ವವಿದ್ಯಾಲಯದ ಎಫ್.ಎ. ಪರೀಕ್ಷೆಯಲ್ಲಿ ಗಣಿತ ಬಿಟ್ಟು ಬೇರೆಲ್ಲದರಲ್ಲಿ ಮುಗ್ಗರಿಸಿದ ಕುಂಭಕೋಣದ ಹುಡುಗನೊಬ್ಬ 1907ರ ಪ್ರಯತ್ನದಲ್ಲೂ ಫೇಲಾಗಿ ಪದವಿಯ ಆಸೆಯನ್ನೇ ಕೈಬಿಟ್ಟ. ಆರು ವರ್ಷದ ಮೇಲೆ ಅದೇ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟು ಅವನನ್ನು ಕೂರಿಸಿಕೊಂಡಿತು. ಶ್ರೀನಿವಾಸ ರಾಮಾನುಜನ್‌ಗೆ ಬೇಕಾಗಿದ್ದದ್ದು ಏಳೆಂಟು ಅಂಕವಲ್ಲ ಎನ್ನುವುದು ನಿಜ. ಆದರೂ ಒಂದು ವಿಷಯದಲ್ಲಿ ಯಾರ ಕೈಗೂ ಎಟುಕದವನನ್ನು ಒಟ್ಟಾರೆ ಫೇಲ್ ಎಂದು ಬರೆಯುವುದು ಬಿಟ್ಟರೆ ಬೇರೇನೂ ತೋಚದ ಪದ್ಧತಿ ಅದು.

ರ್‍ಯಾಂಕಿನ ಹುಚ್ಚು ಹಿಡಿಸಿದವರೂ ಇಂಗ್ಲಿಷರೇ. ಕೇಂಬ್ರಿಜ್ಜಿನ ಗಣಿತ ಟ್ರೈಪಾಸಿನಲ್ಲಿ ಮೊದಲಿಗನಿಂದ ಕೊನೆಯವನವರೆಗೆ ಹೆಸರು ಕೂಗುತ್ತಿದ್ದರು. ಕೊನೆಯವನಿಗೆ ಸಹಪಾಠಿಗಳಿಂದ ಮರದ ಸೌಟಿನ ಸನ್ಮಾನ. 1909ರ ನಂತರ ಅವರು ಆ ಆಟ ನಿಲ್ಲಿಸಿ, ಆಯಾ ದರ್ಜೆಯೊಳಗೆ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಹಾಕತೊಡಗಿದರು. ನಮ್ಮಲ್ಲಿ ಅದು ಆಮೇಲೇ ಏರುಹರೆಯಕ್ಕೆ ಬಂದದ್ದು. ಫಲಿತಾಂಶದ ಮರುದಿನದ ಪತ್ರಿಕೆಯಲ್ಲಿ ಅಪ್ಪಅಮ್ಮ ಲಾಡು ತಿನ್ನಿಸುವ ಫೋಟೊ, ಅದರ ಕೆಳಗೆ ವೈದ್ಯಳಾಗಿ ಹಳ್ಳಿಯಲ್ಲಿ ಸೇವೆ ಮಾಡುವಾಸೆ ಎಂಬ ಒಂದು ಸಾಲು. ಯಾರು ಮರೆಯುತ್ತಾರೆ?

ಇನ್ನು, ಮುಂದೆಂದೂ ಮೇಲ್ಪಂಕ್ತಿಯಾಗದ ಆ ಕೃಪೆಯ ಗತಿ ಏನಾಯಿತು? ಅದು ವಿಶ್ವವಿದ್ಯಾಲಯಗಳ ನಿಯಮಾವಳಿಯೊಳಗೆ ನುಸುಳಿತು. ಒಂದು ವಿಷಯಕ್ಕೆ ಇಷ್ಟು, ಒಟ್ಟು ಇಷ್ಟು, ಕ್ಲಾಸು ಬರಲು ಇಷ್ಟು ಎಂದು ಅದಕ್ಕೊಂದು ದರಪಟ್ಟಿಯೇ ಆಯಿತು. 1948–49ರ ರಾಧಾಕೃಷ್ಣನ್ ಆಯೋಗ ತಾನು ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಅದು ಪರೀಕ್ಷೆಯದೇ ಎಂದಿತು. ಕೃಪಾಂಕವನ್ನು ತೆಗೆದುಹಾಕಿ ಎಂದಿತು. ಪಾಸಿಗೆ 40, ಎರಡನೇ ದರ್ಜೆಗೆ 55, ಮೊದಲ ದರ್ಜೆಗೆ 70 ಇರಲಿ ಎಂದಿತು. ಆಯೋಗದ ವರದಿ ಗ್ರಂಥಾಲಯ ಸೇರಿತು, ಕೃಪಾಂಕ ಉಳಿಯಿತು.

ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ, 2024ರ ಎಸ್ಸೆಸ್ಸೆಲ್ಸಿಯನ್ನು ನೋಡಿ. ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಪರೀಕ್ಷೆ ನಡೆದು ಫಲಿತಾಂಶ ಕುಸಿಯುವುದು ಕಂಡಾಗ ಕೃಪಾಂಕದ ಮಿತಿ ಶೇ 10ರಿಂದ 20ಕ್ಕೆ ಏರಿತು. ಕೃಪಾಂಕಕ್ಕೆ ಅರ್ಹತೆ ಪಡೆಯಲು ಬೇಕಿದ್ದ ಶೇ 35 ಒಂದೇ ಏಟಿಗೆ 25ಕ್ಕೆ ಇಳಿಯಿತು. ಶೇ 54ರ ಆಸುಪಾಸಿನಲ್ಲಿ ನಿಲ್ಲಬೇಕಿದ್ದ ಫಲಿತಾಂಶ 73.40 ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಗರಂ ಆದರು. ಬಂದ ಸಮಜಾಯಿಷಿ, ಇದು ಈ ಒಂದು ವರ್ಷಕ್ಕೆ ಮಾತ್ರ. ಕಲ್ಕತ್ತೆಯ ಸಿಂಡಿಕೇಟ್ ಇದನ್ನು 166 ವರ್ಷ ಮೊದಲೇ ಹೇಳಿ ಮುಗಿಸಿತ್ತು. ವ್ಯತ್ಯಾಸವಿಷ್ಟೇ: ಅಲ್ಲಿ ಕೃಪೆ ಪಡೆದವರು ಇಬ್ಬರು, ಇಲ್ಲಿ ಲಕ್ಷಕ್ಕೂ ಮಿಕ್ಕಿ.

ಹಳೆಯ ಠರಾವನ್ನು ಓದಿದವರಿಗೆ ಅದರ ನೇರಾನೇರತನ ಹಿಡಿಸುತ್ತದೆ. ಯಾರಿಗೆ ಕೊಟ್ಟೆವು, ಎಷ್ಟು ಕಡಿಮೆಯಿತ್ತು, ಏಕೆ ಕೊಟ್ಟೆವು, ಯಾವ ದರ್ಜೆ, ಎಲ್ಲವೂ ನಡಾವಳಿಯಲ್ಲಿದೆ. ಆಮೇಲಿನ ದಯೆಗೆ ಹೆಸರಿಲ್ಲ. ಅಂಕಪಟ್ಟಿಯ ಮೂಲೆಯಲ್ಲಿ ಒಂದು ಚುಕ್ಕಿ ಬಿದ್ದರೆ ಅದೇ ಹೆಚ್ಚು. ಉತ್ತರ ಪತ್ರಿಕೆಯಂತೂ ಬಹುಕಾಲ ದೇವರ ಗುಟ್ಟು. ಅದನ್ನು ನೋಡುವ ಹಕ್ಕು ಬರೆದವನಿಗೆ ಇಲ್ಲವೆಂಬ ಮಹಾರಾಷ್ಟ್ರ ಬೋರ್ಡಿನ ನಿಯಮವನ್ನು 1984ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು. ಬೀಗ ತೆರೆದದ್ದು 2011ರ ಆಗಸ್ಟಿನಲ್ಲಿ. ಪ್ರಕರಣ ಬಂದದ್ದು ಮತ್ತದೇ ಕಲ್ಕತ್ತೆಯ ಹೈಕೋರ್ಟಿನಿಂದ. ತೀರ್ಪು ಬರೆದವರು ನಮ್ಮ ಹೈಕೋರ್ಟಿನಲ್ಲಿದ್ದು ಮೇಲಕ್ಕೆ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ವಿದ್ಯಾರ್ಥಿ ನೋಡಬಹುದು ಎಂದಾಯಿತು.

ಅಂಕಗಳನ್ನು ಕೊನೆಗೂ ಕಣ್ಣಾರೆ ನೋಡಬಹುದಾದ ಹೊತ್ತಿಗೆ, ನೋಡಿ, ಅಂಕಗಳೇ ಮರೆಗೆ ಸರಿದವು.

ಅಕ್ಷರದ ಗ್ರೇಡು ನಮ್ಮಲ್ಲಿಗೆ ಬಂದದ್ದು ಅಮೆರಿಕದ ಕಡೆಯಿಂದ. ಐಐಟಿ ಕಾನ್ಪುರವನ್ನು 1962ರಿಂದ ಹತ್ತು ವರ್ಷ ಒಂಬತ್ತು ಅಮೆರಿಕನ್ ವಿದ್ಯಾಸಂಸ್ಥೆಗಳ ಕೂಟ ಕೈಹಿಡಿದು ನಡೆಸಿತು. ಸೆಮಿಸ್ಟರು, ಕ್ರೆಡಿಟ್ಟು, ಗ್ರೇಡು ಅದರ ಜೊತೆಗೇ ಬಂದವು. ಅಲ್ಲಿ ಅದಕ್ಕೆ ಅರ್ಥವಿತ್ತು. ಪಾಠ ಹೇಳಿದ ಮೇಷ್ಟರೇ ಪ್ರಶ್ನೆಪತ್ರಿಕೆ ತೆಗೆಯುತ್ತಾರೆ, ತಿದ್ದುತ್ತಾರೆ, ತರಗತಿಯನ್ನೆಲ್ಲ ಎದುರಿಗಿಟ್ಟುಕೊಂಡು ಯಾರಿಗೆ ಎ, ಯಾರಿಗೆ ಬಿ ಎಂದು ನಿರ್ಧರಿಸುತ್ತಾರೆ. ಪ್ರಶ್ನೆಪತ್ರಿಕೆ ಕಷ್ಟವಾಗಿದ್ದರೆ ಗೆರೆ ತಾನೇ ಕೆಳಗಿಳಿಯುತ್ತದೆ. ಕೃಪಾಂಕದ ಗೊಡವೆಯೇ ಇಲ್ಲ.

2014–15ರ ಸುಮಾರಿಗೆ ಯುಜಿಸಿ ಇದನ್ನು ಎಲ್ಲರಿಗೂ ಹೊಲಿಸಲು ಹೊರಟಿತು. ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಎಂಬ ಹೆಸರಿನಲ್ಲಿ ಹತ್ತು ಪಾಯಿಂಟಿನ ಪಟ್ಟಿ ಬಂತು: ‘ಓ’ ಬಂದರೆ 10, ‘ಎ ಪ್ಲಸ್’ 9, ‘ಎ’ 8, ಹೀಗೆ ಇಳಿದು ‘ಪಿ’ಗೆ 4, ‘ಎಫ್’ಗೆ ಸೊನ್ನೆ. ಎಷ್ಟು ಅಂಕಕ್ಕೆ ಯಾವ ಅಕ್ಷರ ಎಂಬುದನ್ನು ಮಾತ್ರ ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟರು. ನೂರಾರು ಕಾಲೇಜಿನ ಉತ್ತರ ಪತ್ರಿಕೆಗಳನ್ನು ಒಂದೆಡೆ ಗುಡ್ಡೆ ಹಾಕಿ ತಿದ್ದಿಸುವ ವಿಶ್ವವಿದ್ಯಾಲಯ ಏನು ಮಾಡೀತು? ಹಳೆಯ ನೂರರ ಲೆಕ್ಕದಲ್ಲೇ ಅಂಕ ಹಾಕಿಸಿ, ಮೇಲೆ ಅಕ್ಷರದ ಅಂಗಿ ತೊಡಿಸಿತು.

ಬೆಳಗಾವಿಯ ವಿಟಿಯು 2015ರಲ್ಲಿ ಸಿಬಿಸಿಎಸ್‌ಗೆ ಹೊರಳಿದಾಗಿನ ಲೆಕ್ಕವನ್ನೇ ತೆಗೆದುಕೊಳ್ಳಿ. 90 ಮತ್ತು ಮೇಲೆ 10 ಪಾಯಿಂಟು, 80ರಿಂದ 89ಕ್ಕೆ 9, 70ರಿಂದ 79ಕ್ಕೆ 8. ಇಬ್ಬರು ವಿದ್ಯಾರ್ಥಿನಿಯರು, ನಾಲ್ಕು ನಾಲ್ಕು ಕ್ರೆಡಿಟ್ಟಿನ ಐದು ವಿಷಯಗಳು ಎಂದಿಟ್ಟುಕೊಳ್ಳೋಣ. ಒಬ್ಬಳಿಗೆ ಐದರಲ್ಲೂ 79. ಒಟ್ಟು 395. ಪ್ರತಿ ವಿಷಯಕ್ಕೂ 8 ಪಾಯಿಂಟು, ಸರಾಸರಿ 8. ಇನ್ನೊಬ್ಬಳಿಗೆ ಮೂರರಲ್ಲಿ 80, ಎರಡರಲ್ಲಿ 70. ಒಟ್ಟು 380. ಪಾಯಿಂಟು ಮೂರು 9, ಎರಡು 8, ಸರಾಸರಿ 8.6. ಹದಿನೈದು ಅಂಕ ಕಡಿಮೆ ತೆಗೆದವಳು ಗ್ರೇಡ್ ಕಾರ್ಡಿನಲ್ಲಿ ಮುಂದೆ ನಿಂತಳು. ಬಂಕಿಮರ ಕಾಲದಲ್ಲಿ ಏಳು ಅಂಕಕ್ಕೆ ಸಿಂಡಿಕೇಟ್ ಕೂಡಬೇಕಿತ್ತು. ಇಲ್ಲಿ ಹದಿನೈದು ಅಂಕ ಯಾರ ಗಮನಕ್ಕೂ ಬಾರದೆ ಮಾಯ.

ಸರಿ, ಅಂಕದ ಹಿಂದೆ ಓಡುವುದನ್ನು ಬಿಡಿಸಲೆಂದೇ ಅಲ್ಲವೇ ಗ್ರೇಡು, ಒಂದೆರಡು ಅಂಕದ ವ್ಯತ್ಯಾಸ ಅಳಿಸಿಹೋಗಲೆಂದೇ ಅಲ್ಲವೇ ಎಂದು ಕೇಳಬಹುದು. ಒಪ್ಪಬಹುದಿತ್ತು, ಗ್ರೇಡನ್ನು ಗ್ರೇಡಾಗಿಯೇ ಬಿಟ್ಟಿದ್ದರೆ. ಬಿಡಲಿಲ್ಲ. ನೌಕರಿಯ ಅರ್ಜಿ ಶೇಕಡಾವಾರು ಕೇಳುತ್ತದೆ. ಹಿಂದೆ ಸಂಬಂಧ ಕುದುರಿಸಲು ಬಂದವರು ಹುಡುಗನಿಗೆ ಯಾವ ಕ್ಲಾಸು ಎಂದು ಕೇಳಿದರೆ ಫಸ್ಟ್ ಕ್ಲಾಸ್ ಎಂದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು, ಕೇಳಿದವರಿಗೂ ಹೇಳಿದವರಿಗೂ ಅರ್ಥವಾಗುತ್ತಿತ್ತು. ಈಗ 8.1 ಎಂದರೆ ಎಷ್ಟಕ್ಕೆ ಎಂಬ ಪ್ರಶ್ನೆ ಮೊದಲು.

ಹೀಗಾಗಿ ಅಕ್ಷರವನ್ನು ಮತ್ತೆ ಅಂಕವಾಗಿಸುವ ಸೂತ್ರಗಳು ಹುಟ್ಟಿದವು. ವಿಟಿಯು ಆಗ ಕೊಟ್ಟ ಸೂತ್ರ: ಸಿಜಿಪಿಎಯಿಂದ, ಅಂದರೆ ಪಾಯಿಂಟುಗಳ ಒಟ್ಟು ಸರಾಸರಿಯಿಂದ, 0.75 ಕಳೆದು ಹತ್ತರಿಂದ ಗುಣಿಸಿ. ಅದಕ್ಕೊಂದು ತರ್ಕವಿದೆ. 70 ತೆಗೆದವನಿಗೂ 8 ಪಾಯಿಂಟು ಕೊಟ್ಟಿರುವುದರಿಂದ ನೇರ ಹತ್ತರಿಂದ ಗುಣಿಸಿದರೆ 80 ಆಗಿಬಿಡುತ್ತದೆ. ಆ ಉಬ್ಬರ ಇಳಿಸಬೇಕು. 7.75 ಬಂದರೆ ಸರಿಯಾಗಿ ಶೇ 70, ಅಂದರೆ ಡಿಸ್ಟಿಂಕ್ಷನ್ನಿನ ಗೆರೆ, 6.75ಕ್ಕೆ ಶೇ 60, ಫಸ್ಟ್ ಕ್ಲಾಸಿನ ಗೆರೆ. ಪಕ್ಕದ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಈ ಕಳೆಯುವ ಗೋಜೇ ಇಲ್ಲ, ನೇರ ಹತ್ತರಿಂದ ಗುಣಾಕಾರ. ಸಿಬಿಎಸ್‌ಇ ತನ್ನ ಹತ್ತನೇ ತರಗತಿಯ ಮಕ್ಕಳಿಗೆ 9.5ರಿಂದ ಗುಣಿಸಲು ಹೇಳಿತ್ತು. ಎಂಟು ಎಂಬ ಒಂದೇ ಸಂಖ್ಯೆ ಬೆಳಗಾವಿಯಲ್ಲಿ 72.5, ಸಿಬಿಎಸ್‌ಇಯಲ್ಲಿ 76, ಚೆನ್ನೈನಲ್ಲಿ 80. ಮೇಲಿನ ಲೆಕ್ಕದ ಮೊದಲ ಹುಡುಗಿ ನಿಜವಾಗಿ ತೆಗೆದದ್ದು ಶೇ 79. ಸೂತ್ರ ಅವಳಿಗೆ ಕೊಡುವುದು 72.5. ಎರಡನೆಯವಳು ತೆಗೆದದ್ದು 76, ಸಿಗುವುದು 78.5.

ಕನಿಷ್ಠ ಶೇ 75 ಬೇಕೆಂದು ಕೇಳುವ ಕಡೆ ಮೊದಲನೆಯವಳ ಅರ್ಜಿ ಒಳಗೇ ಹೋಗುವುದಿಲ್ಲ. ಬ್ಯಾಂಕ್ ನೇಮಕಾತಿಯ ಅರ್ಜಿಯಂತೂ ಶೇಕಡಾವನ್ನು ದಶಮಾಂಶದ ನಂತರ ಎರಡು ಸ್ಥಾನದವರೆಗೆ ತುಂಬಲು ಹೇಳುತ್ತದೆ. ಸಿಜಿಪಿಎ ಇದ್ದವರು ಅದನ್ನು ತಮ್ಮ ವಿಶ್ವವಿದ್ಯಾಲಯದ ನಿಯಮದಂತೆ ಪರಿವರ್ತಿಸಿ, ಸಂದರ್ಶನಕ್ಕೆ ಬರುವಾಗ ಆ ನಿಯಮದ ಪ್ರಮಾಣಪತ್ರವನ್ನೂ ತರಬೇಕು. ಅದಕ್ಕೆ ಅರ್ಜಿ ಬೇರೆ, ಶುಲ್ಕ ಬೇರೆ, ಕೌಂಟರ್ ಬೇರೆ.