ನಿಮಗಿದು ಗೊತ್ತೇ? ಹೊನ್ನಾವರದಲ್ಲಿ ಕೈತಪ್ಪಿದ ನೌಕಾಪಡೆ

ಸೊರಬ ತಾಲೂಕಿನ ಚಂದ್ರಗುತ್ತಿಗೂ ಗೋವೆಯ ಬಂದರಿಗೂ ಒಬ್ಬನೇ ಅಧಿಕಾರಿ ಇದ್ದ ಕಾಲವೊಂದಿತ್ತು. 14ನೇ ಶತಮಾನದಲ್ಲಿ ವಿಜಯನಗರದ ಮಾಧವ ಮಂತ್ರಿ ಚಂದ್ರಗುತ್ತಿ ಸೀಮೆಯನ್ನು ಆಳುತ್ತಲೇ ಬಹಮನಿಗಳ ಕೈಯಿಂದ ಗೋವೆಯನ್ನು ಗೆದ್ದುಕೊಂಡ. ಮಲೆನಾಡಿನವರಿಗೂ ಕಡಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಹೇಳಬೇಕಾದ ಮೊದಲ ಸಂಗತಿ ಇದು.

ಮುಂದೆ ಕೆಳದಿಯ ಸದಾಶಿವ ನಾಯಕನಿಗೆ ವಿಜಯನಗರದಿಂದ ಬಂದ ಸೀಮೆಗಳು ಆರಗ, ಗುತ್ತಿ, ಬಾರಕೂರು ಮತ್ತು ಮಂಗಳೂರು. ಇಲ್ಲಿ ಗುತ್ತಿ ಎಂದರೆ ಇದೇ ಚಂದ್ರಗುತ್ತಿ. ಶಿವಪ್ಪ ನಾಯಕ 1650ರ ದಶಕದಲ್ಲಿ ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದ. ಆದರೂ ಗೋವೆಯ ಪೋರ್ಚುಗೀಸರ ಊಟದ ತಟ್ಟೆಗೆ ಈ ಕರಾವಳಿಯ ಅಕ್ಕಿಯೇ ಬೇಕಿತ್ತು.

1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದಾಗ ಶಿಕಾರಿಪುರ, ಸೊರಬಗಳ ಜೊತೆಗೆ ಘಟ್ಟದ ಕೆಳಗಿನ ಬಂದರುಗಳೂ ಮೈಸೂರಿಗೆ ದಕ್ಕಿದವು. ಒಳನಾಡಿನ ರಾಜ್ಯವೊಂದಕ್ಕೆ ಯುದ್ಧನೌಕೆ ಕಟ್ಟುವ ಆಸೆ ಹುಟ್ಟಿದ್ದು ಇಲ್ಲಿಂದ.

ಆ ಪಡೆಯ ಮೊದಲ ಮುಖ್ಯಸ್ಥ ಕಣ್ಣೂರಿನ ಅಲಿ ರಾಜ. ಅವನು ಮಾಲ್ಡೀವ್ಸ್ ಮೇಲೆ ದಾಳಿ ಮಾಡಿ ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿದನೆಂದೂ, ಹೈದರ್ ಅದಕ್ಕೆ ಸಿಟ್ಟಾಗಿ ಅಧಿಕಾರ ಕಿತ್ತುಕೊಂಡನೆಂದೂ ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ದ ಲಾ ತೂರ್ ಬರೆದಿಟ್ಟಿದ್ದಾನೆ.

ಇನ್ನು ಈ ಅಂಕಣದ ಮುಖ್ಯ ಪ್ರಶ್ನೆ. ಒಂದು ಇಡೀ ನೌಕಾಪಡೆ ಶತ್ರುವಿನ ಪಾಲಾದದ್ದು ಗೊತ್ತೇ? 1768ರ ಆರಂಭ. ಮೊದಲ ಆಂಗ್ಲೋ-ಮೈಸೂರು ಯುದ್ಧ ನಡೆಯುತ್ತಿತ್ತು, ಹೈದರ್ ಪೂರ್ವದ ಕಡೆ ಕಾದಾಡುತ್ತಿದ್ದ. ಮುಂಬಯಿಯಿಂದ ಇಂಗ್ಲಿಷರ ಹಡಗುಗಳು ಕರಾವಳಿಗೆ ಬಂದವು. ಆ ಹೊತ್ತಿಗೆ ಹೈದರ್ ತನ್ನ ಹಡಗುಗಳನ್ನು ಒಪ್ಪಿಸಿದ್ದು ಲುತ್ಫ್ ಅಲಿ ಬೇಗ್ ಎಂಬ ಕುದುರೆಪಡೆಯ ಸರದಾರನಿಗೆ. ಗಾಳಿ, ಭರತ, ಇಳಿತ ಬಲ್ಲ ಕಪ್ತಾನರಿಗೆ ಇದು ಸಹಿಸಲಾಗದ ಅವಮಾನ. ಇಂಗ್ಲಿಷ್ ಹಡಗುಗಳು ಹೊನ್ನಾವರದ ಎದುರು ಕಾಣಿಸಿಕೊಂಡಾಗ ಮೈಸೂರಿನ ಪಡೆ ಸಾಲುಗಟ್ಟಿ ಹೊರಟಿತು. ಹೊರಟದ್ದು ಕಾದಾಡುವುದಕ್ಕಲ್ಲ, ಶತ್ರುವನ್ನು ಸೇರಿಕೊಳ್ಳುವುದಕ್ಕೆ! ಎರಡು ದೊಡ್ಡ ಹಡಗು, ಎರಡು ಗುರಾಬು, ಹುಟ್ಟು ಹಾಕಿ ನಡೆಸುವ ಹತ್ತು ಗಲಬತ್ತುಗಳು ಹೀಗೆ ಕೈತಪ್ಪಿದವು. ಕಪ್ತಾನರ ದ್ರೋಹವನ್ನು ಕ್ಷಮಿಸಲಾಗದು. ಆದರೆ ಕುದುರೆ ಸವಾರನ ಕೈಗೆ ಹಡಗು ಕೊಟ್ಟ ನಿರ್ಧಾರದ ಹೊಣೆ ಹೈದರನದೇ.

ಹೈದರ್ ಮೇ ತಿಂಗಳಲ್ಲಿ ಬಿರುಗಾಳಿಯಂತೆ ಬಂದು ಮಂಗಳೂರನ್ನು ಮರಳಿ ಪಡೆದ. ಇಂಗ್ಲಿಷರು ರೋಗಿಗಳನ್ನೂ ಗಾಯಾಳುಗಳನ್ನೂ ಅಲ್ಲೇ ಬಿಟ್ಟು ಹಡಗು ಹತ್ತಿದರು. ಬಂದರುಗಳು ಹೀಗೆ ಕೆಲವೇ ತಿಂಗಳಲ್ಲಿ ಕೈಸೇರಿದರೂ ನೌಕಾಪಡೆಯನ್ನು ಮತ್ತೆ ಬುಡದಿಂದ ಕಟ್ಟಬೇಕಾಯಿತು.

ಈ ಕರಾವಳಿಯಲ್ಲಿ ನೌಕಾಪಡೆ ಕಳೆದುಕೊಂಡವನು ಹೈದರ್ ಒಬ್ಬನೇ ಅಲ್ಲ. ಹೊನ್ನಾವರದ ಘಟನೆಗೆ ಹನ್ನೆರಡು ವರ್ಷ ಮೊದಲು, 1756ರ ಫೆಬ್ರವರಿಯಲ್ಲಿ, ವಿಜಯದುರ್ಗದ ಮುಂದೆ ಮರಾಠಾ ನೌಕಾ ಸರದಾರ ತುಳಾಜಿ ಆಂಗ್ರೆಯ ಹಡಗುಗಳು ಸುಟ್ಟು ಬೂದಿಯಾಗಿದ್ದವು. ಆ ದಾಳಿಗೆ ಇಂಗ್ಲಿಷರ ಜೊತೆಗಾರರಾಗಿದ್ದವರು ಪೇಶ್ವೆಯವರೇ.

ಸೋತವರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದ್ದೂ ಉಂಟು. ಮೊದಲ ಮಹಾಯುದ್ಧದ ನಂತರ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋನಲ್ಲಿ ಜರ್ಮನಿಯ 74 ನೌಕೆಗಳು ಬ್ರಿಟಿಷರ ಕಾವಲಿನಲ್ಲಿದ್ದವು. 1919ರ ಜೂನ್ 21ರಂದು ದಳಪತಿ ಫಾನ್ ರಾಯ್ಟರ್ ಅಪ್ಪಣೆ ಕೊಟ್ಟ. ಅಂದು 52 ನೌಕೆಗಳು ತಳ ಸೇರಿದವು.

ಹೈದರ್ ಮತ್ತೆ ಹಡಗು ಕಟ್ಟಿಸಿದ. 1780ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ನುಗ್ಗಿ ಅವನ್ನೂ ಸುಟ್ಟ. ಅವುಗಳಲ್ಲಿ ಒಂದಕ್ಕೆ 28 ತೋಪು, ಇನ್ನೊಂದಕ್ಕೆ 26.

ಮೈಸೂರಿಗೆ ಈ ಎರಡು ನಷ್ಟಗಳು ಆಗದೇ ಇದ್ದಿದ್ದರೆ? 1782ರ ಜುಲೈನಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಕಡಲೂರಿನಲ್ಲಿ ಹೈದರನನ್ನು ಭೇಟಿಯಾದ. ಪೂರ್ವ ಕರಾವಳಿಯಲ್ಲಿ ಇದೇ ಹ್ಯೂಸ್ ಸಫ್ರೆನ್‌ನೊಡನೆ ಸೆಣಸುತ್ತಿದ್ದ. ಆಗ ಪಶ್ಚಿಮದಲ್ಲಿ ಮೈಸೂರಿಗೂ ಹದಿನೈದಿಪ್ಪತ್ತು ವರ್ಷ ಪಳಗಿದ ನಾವಿಕರಿದ್ದಿದ್ದರೂ ಇಂಗ್ಲಿಷರ ಮಹಾನೌಕೆಗಳನ್ನು ಸೋಲಿಸಲು ಸಾಧ್ಯವಾಗುತ್ತಿರಲಿಲ್ಲ ಎಂಬುದೇ ನನ್ನ ಎಣಿಕೆ. ಆದರೆ ಮುಂಬಯಿಯಿಂದ ಸೈನಿಕರನ್ನು ಹೊತ್ತು ತರುವ ಹಡಗುಗಳಿಗೆ ದಾರಿ ಇಷ್ಟು ಸಲೀಸಾಗಿರುತ್ತಿರಲಿಲ್ಲ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಹೊನ್ನಾವರ ಹಿಡಿದು ಹೊಸಂಗಡಿ ಘಟ್ಟ ಹತ್ತಿದ್ದು ಇದೇ ಕಡಲ ದಾರಿಯಿಂದ ಬಂದು.

ಆಗ ಬಿದನೂರಿನ ಅಧಿಕಾರಿ ಶೇಖ್ ಅಯಾಜ್ ಕಾದಾಡದೇ ನಗರವನ್ನು ಒಪ್ಪಿಸಿಬಿಟ್ಟ. ಆನಂದಪುರದ ಕೋಟೆಯಲ್ಲಿ ಇಂಗ್ಲಿಷ್ ಪಡೆ ನಡೆಸಿದ ಹತ್ಯೆಯ ವಿಚಾರ ಲಂಡನ್ನಿನವರೆಗೂ ವಿವಾದವಾಯಿತು. ಸಮುದ್ರದ ಮೇಲಿನ ಸೋಲಿಗೆ ಘಟ್ಟದ ಮೇಲಿನ ಜನ ಎಂಥ ಬೆಲೆ ತೆತ್ತರೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ವಿವರವಾಗಿ ಬರಬೇಕು. ಏಪ್ರಿಲ್ ಕೊನೆಗೆ ಟಿಪ್ಪು ಬಿದನೂರನ್ನು ಮರಳಿ ಗೆದ್ದ.

ಶ್ರೀರಂಗಪಟ್ಟಣ ಬಿದ್ದ ಮೇಲೂ ಶಿಕಾರಿಪುರದಲ್ಲಿ ಯುದ್ಧ ಮುಗಿದಿರಲಿಲ್ಲ. ಟಿಪ್ಪುವಿನ ಸೆರೆಯಿಂದ ಹೊರಬಂದ ಬಂಡುಕೋರ ಧೋಂಡಿಯಾ ವಾಘ್ ಈ ಸೀಮೆಯಲ್ಲಿ ಬೀಡುಬಿಟ್ಟಿದ್ದ. 1799ರ ಆಗಸ್ಟ್‌ನಲ್ಲಿ ಇಂಗ್ಲಿಷರು ಶಿಕಾರಿಪುರದ ಕೋಟೆ ಹಿಡಿದು ಅವನನ್ನು ಮರಾಠರ ಗಡಿಯಾಚೆ ಓಡಿಸಿದರು. ಅದೇ ವರ್ಷ ನಡೆದ ಟಿಪ್ಪುವಿನ ರಾಜ್ಯದ ಹಂಚಿಕೆಯಲ್ಲಿ ಘಟ್ಟದ ಕೆಳಗಿನ ಕನ್ನಡ ಜಿಲ್ಲೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಶಿಕಾರಿಪುರ ಸೊರಬಗಳು ಮೈಸೂರಿನಲ್ಲೇ ಉಳಿದವು. ಕರಾವಳಿ ಮತ್ತು ಮಲೆನಾಡು ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಮತ್ತೆ ನೌಕಾಪಡೆಯ ಮಾತಿಗೆ ಬರೋಣ. ಟಿಪ್ಪು 1796ರಲ್ಲಿ ಹೊರಡಿಸಿದ ಹುಕುಂ ಪ್ರಕಾರ ಮೈಸೂರಿಗೆ 40 ಯುದ್ಧನೌಕೆ ಬೇಕಿತ್ತು: 20 ದೊಡ್ಡವು, 20 ಫ್ರಿಗೇಟ್. ಅತಿ ದೊಡ್ಡವಕ್ಕೆ 72 ತೋಪು. ಕಟ್ಟುವ ಜಾಗ ಮೂರು: ಮಂಗಳೂರು, ಮಿರ್ಜಾನಿನ ಆಸುಪಾಸು, ಕಾರವಾರದ ಸದಾಶಿವಗಡ. ಮೇಲ್ವಿಚಾರಣೆಗೆ ಹನ್ನೊಂದು ಮಂದಿಯ ಮಂಡಳಿಯೂ ಇತ್ತು. ಈ ಸಲ ಕಡಲಿನ ಕೆಲಸಕ್ಕೆಂದೇ ಬೇರೆ ಇಲಾಖೆ! ಮೂರು ವರ್ಷ ತುಂಬುವ ಮೊದಲೇ ಟಿಪ್ಪು ತೀರಿಕೊಂಡ. ಆ ಹುಕುಮಿನ ಇಂಗ್ಲಿಷ್ ಅನುವಾದವನ್ನು 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದವನು ಕಂಪನಿಯ ಸೇನಾಧಿಕಾರಿ ವಿಲಿಯಂ ಕಿರ್ಕ್‌ಪ್ಯಾಟ್ರಿಕ್.