ಹಳೆಯ ಕಠಾರಿಯ ಅಸಲು ಗುರುತು

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎರೆನೆಲಕ್ಕಾಗಿ ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಆದಿಲ್‌ಶಾಹಿಗಳು ಇನ್ನೂರು ವರ್ಷಕ್ಕೂ ಮೇಲೆ ಕಾದಾಡಿದರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ ಆ ದಂಡುಗಳು ತುಳಿದ ನೆಲ. ಒಂದು ಕಡೆ ಮುದಗಲ್ಲ ಕೋಟೆ, ಇನ್ನೊಂದು ಕಡೆ ರಾಯಚೂರು ಕೋಟೆ. ಇಂಥ ನಾಡಿನ ವಾಡೆಗಳಲ್ಲಿ, ಗೌಡರ, ದೇಸಾಯಿಗಳ ಮನೆಗಳಲ್ಲಿ ಹಳೆಯ ಕತ್ತಿ, ಕಠಾರಿ, ಬಾಕುಗಳು ಉಳಿದಿದ್ದರೆ ಆಶ್ಚರ್ಯವಿಲ್ಲ. ಖಂಡೇನವಮಿಯಂದು ಅವು ಹೊರಬಂದು ಪೂಜೆಗೊಳ್ಳುತ್ತವೆ. ಆಗ ಮನೆಮಂದಿ ಕೇಳುವ ಪ್ರಶ್ನೆ ಒಂದೇ: ಇದು ನಿಜವಾಗಿ ಹಳೆಯದೇ?

ಈ ಪ್ರಶ್ನೆಗೆ ಉತ್ತರ ಹುಡುಕುವುದು ಒಂದು ವಿದ್ಯೆ. ಅದಕ್ಕೆ ಬೇಕಾಗುವುದು ಹಗಲಿನ ಬೆಳಕು, ಒಂದು ಭೂತಗನ್ನಡಿ ಮತ್ತು ತಾಳ್ಮೆ.

ಅಲಗು

ಮೊದಲು ಅಲಗನ್ನು ನೋಡಬೇಕು. ನಮ್ಮ ನಾಡಿನ ಹಳೆಯ ಒಳ್ಳೆಯ ಅಲಗುಗಳಲ್ಲಿ ಹಲವು ಮೂಸೆಯ ಉಕ್ಕಿನವು. ಕಬ್ಬಿಣವನ್ನು ಎಲೆ, ಕಟ್ಟಿಗೆಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಮಾಡುತ್ತಿದ್ದ ಉಕ್ಕು ಅದು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಚೂರುಗಳು ಸಿಕ್ಕಿವೆ. ಈ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಸುಮಾರು ಶೇ 1.5. ಅದು ನಿಧಾನವಾಗಿ ಆರುವಾಗ ಕಬ್ಬಿಣ ಮತ್ತು ಇಂಗಾಲ ಕೂಡಿದ ಗಟ್ಟಿ ಕಣಗಳು ಸಾಲುಗಟ್ಟುತ್ತವೆ. ಬಡಿದು, ಸಾಣೆ ಹಿಡಿದು, ಮೆಲುವಾದ ಆಮ್ಲ ಸವರಿದಾಗ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಏಳುತ್ತವೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ ವಿಜ್ಞಾನಿಗಳು ಇಂಥ ಒಂದು ಹಳೆಯ ಅಲಗಿನೊಳಗೆ ಇಂಗಾಲದ ನ್ಯಾನೊ ಕೊಳವೆಗಳನ್ನು ಕಂಡರು.

ನಕಲಿ ಮಾಡುವವರು ಈ ಅಲೆಗಳನ್ನು ಆಮ್ಲದಿಂದ ಮೇಲ್ಮೈಯಲ್ಲಷ್ಟೇ ಬರೆಯುತ್ತಾರೆ. ಅಸಲಿ ಗೆರೆ ಲೋಹದ ಒಳಗಿನದು, ಅಲಗಿನ ಏಣು, ಬಾಯಿ ತಿರುಗಿದಂತೆ ತಾನೂ ತಿರುಗುತ್ತದೆ. ಬರೆದ ಗೆರೆ ಎಲ್ಲ ಕಡೆ ಒಂದೇ ಆಳ, ಒಂದೇ ಬಣ್ಣ. ಮೊನೆಯನ್ನೂ ಗಮನಿಸಬೇಕು. ಸರಪಳಿ ಕವಚ ತೂರಲೆಂದು ಅನೇಕ ಕಠಾರಿಗಳ ಮೊನೆಯನ್ನು ದಪ್ಪವಾಗಿಯೇ ಬಿಡುತ್ತಿದ್ದರು. ಅಂಥ ಮೊನೆ ತೆಳ್ಳಗಾಗಿದ್ದರೆ ಯಾರೋ ಆಮೇಲೆ ಸಾಣೆ ಹಿಡಿದಿರಬಹುದು.

ಹಿಡಿ ಮತ್ತು ಕೂಡು

ಕಠಾರಿಯ ಹಿಡಿ ಬೇರೆಯದೇ ರೀತಿಯದು. ಎರಡು ಅಡ್ಡಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಡಿದರೆ ಇಕ್ಕೆಲದ ಕಂಬಿಗಳು ಮುಂಗೈಗೆ ಒತ್ತಿಕೊಳ್ಳುತ್ತವೆ, ಗುದ್ದುವ ಬಲವೆಲ್ಲ ಮೊನೆಗೆ ಹೋಗುತ್ತದೆ. ಬಡಿದು ಮಾಡಿದ ಹಳೆಯ ಹಿಡಿಯಲ್ಲಿ ಉಳಿಯ ಗೆರೆಗಳು ಚೂಪಾಗಿದ್ದು, ಕೈ ಉಜ್ಜುವ ಜಾಗದಲ್ಲಿ ಮಾತ್ರ ಸವೆದಿರುತ್ತವೆ. ಇತ್ತೀಚೆಗೆ ಎರಕ ಹೊಯ್ದದ್ದರಲ್ಲಿ ಗೆರೆಗಳು ಮೊಂಡು, ಸಣ್ಣ ಸಣ್ಣ ತೂತುಗಳು, ಕೈ ತಾಗದ ಮೂಲೆಯಲ್ಲೂ ಸವೆತ. ಚಿನ್ನದ ಕೆಲಸವಿದ್ದರೆ ಅದು ಸವೆದ ಜಾಗದಲ್ಲಿ ಕೆಳಗಿನ ಉಕ್ಕನ್ನು ನೋಡಿ. ಚಿನ್ನ ಹಿಡಿದು ನಿಲ್ಲಲೆಂದು ಕೆತ್ತಿದ ಅಡ್ಡಗೆರೆಗಳು ಕಂಡರೆ ಹಳೆಯ ಪದ್ಧತಿಯ ಕೆಲಸ. ನುಣುಪಾಗಿದ್ದರೆ ವಿದ್ಯುತ್ ಮುಲಾಮಿನ ಶಂಕೆ.

ಇನ್ನು ಅಲಗು ಹಿಡಿಗೆ ಕೂಡುವ ಜಾಗ. ಇಲ್ಲಿ ಜರ್ಮನಿಯ ಒಂದು ಊರಿನ ಕಥೆ ನಮ್ಮ ಕಥೆಗೆ ಸೇರುತ್ತದೆ. ಜರ್ಮನಿಯ ಸೋಲಿಂಗನ್ ಶತಮಾನಗಳಿಂದ ಅಲಗುಗಳ ಊರು. ನಾಜಿ ಕಾಲದ ಸೇನಾ ಬಾಕುಗಳು ಹೆಚ್ಚಾಗಿ ತಯಾರಾದದ್ದೂ ಅಲ್ಲೇ. ಯುದ್ಧ ಮುಗಿದ ಮೇಲೆ ಅಲ್ಲಿ ಉಳಿದಿದ್ದ ಬಿಡಿಭಾಗಗಳನ್ನು ಜೋಡಿಸಿ ಮಾರಿದವರಿದ್ದರು. ಅದಕ್ಕೇ ಆ ಬಾಕುಗಳ ಸಂಗ್ರಾಹಕರು ಹಿಡಿ, ಅಲಗು, ಒರೆ ಮೂರೂ ಒಟ್ಟಿಗೆ ಹುಟ್ಟಿದವೇ ಎಂದು ಮೊದಲು ನೋಡುತ್ತಾರೆ. ಬೇರೆಬೇರೆ ಕಡೆಯ ಭಾಗಗಳಾದರೆ ಬೆಲೆ ಬಿತ್ತು.

ದಕ್ಷಿಣದ ಕಠಾರಿಗೆ ಈ ಅಳತೆ ಹೊಂದುವುದಿಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುದಾರರೂ ಕಾದಿದರು. ಯುರೋಪಿನ ಅಲಗುಗಳು ಕಡಲ ದಾರಿಯಲ್ಲಿ ಬಂದವು, ಸೋಲಿಂಗನ್ನಿನವೂ ಅವುಗಳಲ್ಲಿದ್ದವು. ನಮ್ಮ ಕಮ್ಮಾರರು ಅಂಥ ಮುರಿದ ಅಲಗನ್ನೂ ಬಿಸಾಡದೆ ಕಠಾರಿಯ ಹಿಡಿಗೆ ರಿವೆಟ್ ಬಡಿದು ಕೂರಿಸಿದರು. ಇಲ್ಲಿ ಹಿಡಿ ಒಂದು ದೇಶದ್ದು, ಅಲಗು ಇನ್ನೊಂದು ದೇಶದ್ದಾದರೂ ವಸ್ತು ಅಸಲಿಯೇ. ಕೇಳಬೇಕಾದ್ದು ಅವು ಯಾವಾಗ ಕೂಡಿದವು ಎಂಬುದನ್ನು. ರಿವೆಟ್ಟಿನ ತಲೆಯ ಸುತ್ತ ಹಿಡಿ ಮತ್ತು ಅಲಗಿನ ತುಕ್ಕು ಒಂದಾಗಿ ಬೆಳೆದಿದ್ದರೆ ಕೂಡು ಹಳೆಯದು. ವೆಲ್ಡಿಂಗಿನ ಗುಳ್ಳೆ, ಗ್ರೈಂಡರಿನ ಸಮಾನಾಂತರ ಗೀರು ಕಂಡರೆ ನಮ್ಮ ಕಾಲದ್ದು. ಅಲಗಿನ ಮೇಲೆ ಯುರೋಪಿನ ಓಡುವ ತೋಳದ ಮುದ್ರೆ ಇದೆಯೆಂದು ಹಿಗ್ಗುವುದೂ ಬೇಡ. ಹೆಸರಾಂತ ಯುರೋಪಿಯನ್ ಮುದ್ರೆಗಳನ್ನು ಆ ಕಾಲದಲ್ಲೇ ಯುರೋಪಿನಲ್ಲೂ ಭಾರತದಲ್ಲೂ ನಕಲು ಮಾಡುತ್ತಿದ್ದರು.

ಚಿತ್ರ, ಕಲ್ಲು, ಕಾಗದ

ವಸ್ತುವಿಗೆ ಹೊರಗಿನ ಸಾಕ್ಷಿಯೂ ಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ 16ನೇ ಶತಮಾನದ ಒಂದು ದಖನಿ ಬಾಕು ಇದೆ. ಮೈಮೇಲೆ ಬಿದ್ದು ಕಚ್ಚಾಡುವ ಪ್ರಾಣಿಗಳೇ ಅದರ ಹಿಡಿ. ವಿಜಯಪುರದ ಒಂದನೇ ಅಲಿ ಆದಿಲ್‌ಶಾಹನ ಭಾವಚಿತ್ರಗಳಲ್ಲಿ ಅವನ ಸೊಂಟದಲ್ಲಿ ಅದೇ ಬಗೆಯ ಬಾಕು ಕಾಣುತ್ತದೆ. ಅವನ ಆಳ್ವಿಕೆ 1558ರಿಂದ 1580. ಹಾಗೆ ಚಿತ್ರವೇ ಬಾಕಿನ ಕಾಲ ಹೇಳಿತು. ನಮ್ಮ ಊರೂರ ವೀರಗಲ್ಲುಗಳೂ ಈ ಕೆಲಸಕ್ಕೆ ಒದಗುತ್ತವೆ. ವೀರರ ಕೈಯ ಆಯುಧಗಳ ಆಕಾರ ಅಲ್ಲಿ ಕಲ್ಲಿನಲ್ಲೇ ಉಳಿದಿದೆ.

ಎಲ್ಲಕ್ಕಿಂತ ಬಲವಾದ ಸಾಕ್ಷಿ ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾಯಿತು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ನಂತರ ಅದನ್ನು ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟರೆಂಬ ಬರಹ ಅದರೊಂದಿಗೇ ಇತ್ತು. ಜರ್ಮನ್ ಅಲಗುಗಳ ಮಾದರಿಯನ್ನು ನೋಡಿ ಮೊಘಲ್ ಕಮ್ಮಾರರು ಮಾಡಿದ ಅಲಗು ಅದು ಎಂದು ಹರಾಜಿನವರು ವಿವರಿಸಿದ್ದರು.

ತಿಕ್ಕಬೇಡಿ

ಹಳೆಯ ಆಯುಧಗಳಿಗೆ ನಕಲಿಯವರಿಗಿಂತ ಹೆಚ್ಚು ಕೇಡಾಗುವುದು ಭಕ್ತಿಯಿಂದ ತಿಕ್ಕುವವರಿಂದ. ಮರಳು ಕಾಗದ, ಹುಣಸೆಹುಳಿ, ಮೊನೆಗೆ ಚುಚ್ಚಿದ ನಿಂಬೆಹಣ್ಣು, ಇವು ಒಂದು ಹಬ್ಬದಲ್ಲಿ ನಾನೂರು ವರ್ಷದ ಗುರುತನ್ನು ಅಳಿಸಬಲ್ಲವು. ಕಪ್ಪು–ಕಂದು ಬಣ್ಣದ ಗಟ್ಟಿ ಪದರ ಅಲಗಿನ ವಯಸ್ಸಿನ ಸಾಕ್ಷಿ, ಅದನ್ನು ಬಿಡಿ. ಪುಡಿ ಉದುರುವ ಕೆಂಪು ತುಕ್ಕು ಮಾತ್ರ ಈಗಲೂ ತಿನ್ನುತ್ತಿರುವ ರೋಗ. ಅದಕ್ಕೆ ಒಣ ಬಟ್ಟೆ, ಹೊಲಿಗೆ ಯಂತ್ರದ ಎಣ್ಣೆಯ ತೆಳು ಲೇಪ ಸಾಕು. ಚರ್ಮದ ಒರೆಯಲ್ಲಿ ಅಲಗನ್ನು ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಅರಿಶಿನ, ಕುಂಕುಮವನ್ನು ಒರೆಗೋ ಪೆಟ್ಟಿಗೆಗೋ ಹಚ್ಚಿದರೂ ಪೂಜೆ ಸಲ್ಲುತ್ತದೆ.

ಕಾನೂನನ್ನೂ ನೆನಪಿಡಬೇಕು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯಂತೆ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹೊಲ ಉಳುವಾಗ ಬೆಲೆಬಾಳುವ ಹಳೆಯ ವಸ್ತು ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೋಲಿಸಿ ನೋಡಿ ಕಲಿಯಲು ಗೋಳಗುಮ್ಮಟದ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನಮ್ಮ ಸೀಮೆಯವರಿಗೆ ದೂರವಲ್ಲ.

ಮನೆಯಲ್ಲಿ ಇಂಥದ್ದೊಂದಿದ್ದರೆ ಈ ಖಂಡೇನವಮಿಗೆ ಮಾಡಬೇಕಾದ ಕೆಲಸ ಇದು: ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ, ಉದ್ದ–ತೂಕ ಬರೆದಿಡಿ, ಅದು ಯಾರಿಂದ ಬಂತೆಂದು ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಹೆಸರು, ತಾರೀಖಿನೊಂದಿಗೆ ಕಾಗದಕ್ಕಿಳಿಸಿ. ಅಲಗಿನ ಗುರುತುಗಳನ್ನು ನಾಳೆ ಯಾವ ತಜ್ಞನಾದರೂ ಓದಿಯಾನು, ಹಿರಿಯರ ಈ ಮಾತನ್ನು ಬರೆದಿಡಲು ಇವತ್ತು ನಿಮ್ಮಿಂದ ಮಾತ್ರ ಆದೀತು.