ಡಿಕ್ಕಿಯಾದ ಎಲೆಕ್ಟ್ರಿಕ್ ಕಾರು: ರಿಪೇರಿಯೋ, ಪೂರ್ತಿ ನಷ್ಟವೋ?

ಅಪಘಾತವಾದ ಕಾರನ್ನು ಕಂಡರೆ ನಾವೆಲ್ಲ ನಿಂತಲ್ಲೇ ತೀರ್ಪು ಹೇಳಿಬಿಡುತ್ತೇವೆ. ಮುಂಭಾಗ ನಜ್ಜುಗುಜ್ಜಾಗಿದ್ದರೆ "ಇದು ಇನ್ನು ಗುಜರಿಗೇ" ಎನ್ನುತ್ತೇವೆ. ನಮ್ಮ ಮನೆಯಲ್ಲಾದರೆ ಉರ್ದುವಿನಲ್ಲಿ "ಗಾಡಿ ಖತಂ" ಎನ್ನುತ್ತಾರೆ. ಬಂಪರ್ ಮಾತ್ರ ಒಡೆದಿದ್ದರೆ "ಏನೂ ಆಗಿಲ್ಲ ಬಿಡಿ" ಎಂದು ಮುಂದೆ ಹೋಗುತ್ತೇವೆ. ಪೆಟ್ರೋಲ್, ಡೀಸೆಲ್ ಕಾರುಗಳ ವಿಷಯದಲ್ಲಿ ಈ ಅಂದಾಜು ಎಷ್ಟೋ ಸಲ ಸರಿಯಾಗುತ್ತದೆ. ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಮಾತ್ರ ಕಣ್ಣನ್ನು ನಂಬುವಂತಿಲ್ಲ. ಮುಂಭಾಗ ಪೂರ್ತಿ ಒಡೆದ ಕಾರು ಒಂದು ತಿಂಗಳಲ್ಲಿ ರಿಪೇರಿಯಾಗಿ ಬರಬಹುದು. ಮೇಲೆ ಒಂದು ಗೀರೂ ಇಲ್ಲದ, ಅಡಿಭಾಗ ಕಲ್ಲಿಗೆ ಬಡಿದ ಕಾರು "ಪೂರ್ತಿ ನಷ್ಟ" ಎಂದು ಬರೆಸಿಕೊಳ್ಳಬಹುದು. ಇದು ಹೇಗೆ ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಯಾಗಿ ಲೆಕ್ಕದ ಮೂಲಕ ವಿವರಿಸಲು ಪ್ರಯತ್ನಿಸಿದ್ದೇನೆ.

ನಮಗೇಕೆ ಈ ವಿಷಯ?

ಬೆಂಗಳೂರಿಗೆ ಎಲೆಕ್ಟ್ರಿಕ್ ಕಾರು ನಿನ್ನೆ ಮೊನ್ನೆ ಬಂದದ್ದಲ್ಲ. ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲೇ ಬೆಂಗಳೂರಿನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದಿತ್ತು. 2017ರಲ್ಲಿ ಕರ್ನಾಟಕವು ಎಲೆಕ್ಟ್ರಿಕ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಇಂದು ದೇವನಹಳ್ಳಿಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ನಿಂತರೆ ಹಸಿರು ನಂಬರ್ ಪ್ಲೇಟಿನ ಕಾರುಗಳು ಸಾಲಾಗಿ ಹೋಗುವುದನ್ನು ನೋಡಬಹುದು. ಹಸಿರಿನ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತ ಕಾರು, ಹಳದಿ ಅಕ್ಷರವಿದ್ದರೆ ಟ್ಯಾಕ್ಸಿ. ನನ್ನ ಮಾಮು ಕೂಡ ಟ್ಯಾಕ್ಸಿ ಓಡಿಸುತ್ತಾರೆ, ಮುಂದಿನ ಗಾಡಿ ಎಲೆಕ್ಟ್ರಿಕ್ ತೆಗೆದುಕೊಳ್ಳಬೇಕು ಎಂದು ಯೋಚಿಸುತ್ತಿದ್ದಾರೆ. ಅವರು ಕೇಳಿದ ಮೊದಲ ಪ್ರಶ್ನೆ ಮೈಲೇಜಿನದಲ್ಲ. "ಗುದ್ದಿದರೆ ಏನಾಗುತ್ತದೆ?" ಎಂದೇ ಕೇಳಿದರು. ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಲಾರಿ, ಟ್ರಾಕ್ಟರ್, ಬಸ್ಸುಗಳ ನಡುವೆ ಓಡಾಡುವ ಎಲ್ಲರೂ ಕೇಳಬೇಕಾದ ಪ್ರಶ್ನೆ ಅದು.

"ಪೂರ್ತಿ ನಷ್ಟ" ಎಂದರೆ ಏನು?

ಕಾರು ಇನ್ನು ಓಡುವುದೇ ಇಲ್ಲ ಎಂದು ಇದರ ಅರ್ಥವಲ್ಲ. ರಿಪೇರಿಯ ಖರ್ಚು ಒಂದು ಗೆರೆಯನ್ನು ದಾಟಿತು ಎಂದಷ್ಟೇ ಅರ್ಥ.

ಆ ಗೆರೆ ಎಲ್ಲಿದೆ ಎಂದು ತಿಳಿಯಲು ಮೊದಲು ಐಡಿವಿ ಎಂಬ ಪದ ಗೊತ್ತಿರಬೇಕು. ಇದು ವಿಮಾ ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆ. ಕಂಪನಿಯ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು ಇದನ್ನು ನಿಗದಿ ಮಾಡುತ್ತಾರೆ. 2002ರ ಮೋಟಾರು ವಿಮಾ ದರಪಟ್ಟಿಯ ಪ್ರಕಾರ ಆರು ತಿಂಗಳೊಳಗಿನ ಕಾರಿಗೆ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡು ವರ್ಷದವರೆಗೆ ಶೇ. 20, ಮೂರು ವರ್ಷದವರೆಗೆ ಶೇ. 30, ನಾಲ್ಕು ವರ್ಷದವರೆಗೆ ಶೇ. 40, ಐದು ವರ್ಷದವರೆಗೆ ಶೇ. 50 ಸವಕಳಿ. ಅಕೌಂಟೆನ್ಸಿ ತರಗತಿಯಲ್ಲಿ ಯಂತ್ರಕ್ಕೆ, ಪೀಠೋಪಕರಣಕ್ಕೆ ನಾವು ಹಾಕುವ ಸವಕಳಿಯೇ ಇಲ್ಲಿಯೂ ಕೆಲಸ ಮಾಡುತ್ತದೆ.

ಅದೇ ದರಪಟ್ಟಿಯಲ್ಲಿ ಇನ್ನೊಂದು ನಿಯಮವಿದೆ. ಗಾಡಿಯನ್ನು ಎತ್ತಿ ತರುವ ಖರ್ಚು ಮತ್ತು ರಿಪೇರಿ ಖರ್ಚು ಸೇರಿ ಐಡಿವಿಯ ಶೇ. 75ನ್ನು ಮೀರಿದರೆ ಅದನ್ನು ಪೂರ್ತಿ ನಷ್ಟಕ್ಕೆ ಸಮಾನವೆಂದು ಪರಿಗಣಿಸಬೇಕು. ಆಗ ಕಂಪನಿ ರಿಪೇರಿ ಮಾಡಿಸುವುದಿಲ್ಲ, ಐಡಿವಿಯ ಹಣವನ್ನು ಕೊಡುತ್ತದೆ. ಇಂದಿಗೂ ಪಾಲಿಸಿಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ ಲೆಕ್ಕ. ಆದರೂ ನಿಮ್ಮ ಪಾಲಿಸಿಯಲ್ಲಿ ಬರೆದದ್ದೇ ನಿಮಗೆ ಕೊನೆಯ ಮಾತು.

ಈ ನಿಯಮ ಡಿಕ್ಕಿಗೆ ಮಾತ್ರವಲ್ಲ, ನೆರೆ ನೀರಿಗೂ ಅನ್ವಯಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗ ಮಳೆನೀರಿನಲ್ಲಿ ಮುಳುಗಿದಾಗ ಸುಮಾರು 11 ಲಕ್ಷ ರೂಪಾಯಿಯ ಒಂದು ಪೆಟ್ರೋಲ್ ಕಾರಿಗೆ ಸರ್ವೀಸ್ ಸೆಂಟರ್ 22 ಲಕ್ಷದ ರಿಪೇರಿ ಅಂದಾಜು ಕೊಟ್ಟದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಕಾರಿನ ಬೆಲೆಯ ಎರಡರಷ್ಟು ರಿಪೇರಿ! ಇಂಥ ಕಡೆ ಯೋಚಿಸುವುದೇ ಬೇಡ, ಅದು ಪೂರ್ತಿ ನಷ್ಟ. ಕಷ್ಟವಿರುವುದು ಗೆರೆಯ ಆಚೆಈಚೆ ತೂಗಾಡುವ ಕಾರುಗಳಲ್ಲಿ. ಎಲೆಕ್ಟ್ರಿಕ್ ಕಾರು ಆ ಗೆರೆಯ ಹತ್ತಿರ ಬೇಗ ಬಂದು ನಿಲ್ಲುತ್ತದೆ.

ಎಲ್ಲವೂ ಒಂದು ಪೆಟ್ಟಿಗೆಯ ಮೇಲೆ

ಪೆಟ್ರೋಲ್ ಕಾರಿನ ಬೆಲೆ ಎಂಜಿನ್, ಗೇರ್ ಬಾಕ್ಸ್, ಬಾಡಿ ಎಂದು ಹಲವು ಕಡೆ ಹಂಚಿಹೋಗಿರುತ್ತದೆ. ಎಲೆಕ್ಟ್ರಿಕ್ ಕಾರಿನ ಬೆಲೆಯ ದೊಡ್ಡ ಪಾಲು ಬ್ಯಾಟರಿಯಲ್ಲಿದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯ ಬ್ಯಾಟರಿ 30.2 ಕಿಲೋವ್ಯಾಟ್ ಅವರ್. ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 30 ಯೂನಿಟ್ ಹಿಡಿಯುವ ಪೆಟ್ಟಿಗೆ. ಈ ಪೆಟ್ಟಿಗೆ ಸಾಮಾನ್ಯವಾಗಿ ಕಾರಿನ ನೆಲದ ಕೆಳಗೆ ಇರುತ್ತದೆ. ಅದರೊಳಗೆ ಸಣ್ಣ ಸಣ್ಣ ಸೆಲ್‌ಗಳು, ಸೆಲ್‌ಗಳು ಸೇರಿ ಮಾಡ್ಯೂಲ್, ಮಾಡ್ಯೂಲ್‌ಗಳು ಸೇರಿ ಪ್ಯಾಕ್.

ಮುಂದಿನಿಂದ ಡಿಕ್ಕಿಯಾದರೆ ಪೆಟ್ಟು ಮೊದಲು ಬಂಪರ್, ಬಾನೆಟ್, ರೇಡಿಯೇಟರ್‌ಗೆ ಬೀಳುತ್ತದೆ, ಬ್ಯಾಟರಿ ಹಿಂದೆ ಉಳಿಯುತ್ತದೆ. ಪಕ್ಕದಿಂದ ಗುದ್ದಿದರೆ ಅಥವಾ ಡಿವೈಡರ್, ಕಲ್ಲು, ಹೊಂಡದ ಅಂಚು ಅಡಿಗೆ ಬಡಿದರೆ ಬ್ಯಾಟರಿಯ ಕವಚಕ್ಕೇ ಏಟು. ಕವಚ ಬಗ್ಗಿದಾಗ ಒಳಗಿನ ಸೆಲ್ ಜಖಂ ಆಗಿದೆಯೇ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಜಖಂ ಆದ ಲಿಥಿಯಂ ಸೆಲ್ ಕೂಡಲೇ ಉರಿಯಲೇಬೇಕೆಂದಿಲ್ಲ, ಗಂಟೆಗಳ ಮೇಲೆ, ಕೆಲವು ಸಲ ದಿನಗಳ ಮೇಲೆ ಬೆಂಕಿ ಹಿಡಿಯಬಹುದು. ಆದ್ದರಿಂದ ಸರ್ವೀಸ್ ಸೆಂಟರಿನವರು "ಇದು ಸುರಕ್ಷಿತ" ಎಂದು ಸಹಿ ಹಾಕಲು ಹೆದರುತ್ತಾರೆ, ಬ್ಯಾಟರಿಯನ್ನೇ ಬದಲಿಸಿ ಎನ್ನುತ್ತಾರೆ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಸ್ವಲ್ಪವೇ ಪೆಟ್ಟಾದ ಬ್ಯಾಟರಿಯನ್ನು ಪರೀಕ್ಷಿಸಲು, ರಿಪೇರಿ ಮಾಡಲು ದಾರಿಯಿಲ್ಲದೆ, ಹೆಚ್ಚು ಓಡದ ಹೊಸ ಕಾರುಗಳನ್ನೂ ವಿಮಾ ಕಂಪನಿಗಳು ಪೂರ್ತಿ ನಷ್ಟವೆಂದು ಬರೆಯುತ್ತಿವೆ ಎಂದು ರಾಯಿಟರ್ಸ್ ಸುದ್ದಿಸಂಸ್ಥೆ 2023ರ ಮಾರ್ಚ್‌ನಲ್ಲಿ ವರದಿ ಮಾಡಿತ್ತು.

ಒಂದೇ ಕಾರು, ಮೂರು ಉತ್ತರ

ಈಗ ಲೆಕ್ಕ. ಅಂಕಿಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು, ವಿಧಾನ ಮಾತ್ರ ನಿಜವಾದದ್ದು.

ಕಾರಿನ ಮಾರಾಟ ಬೆಲೆ 15,00,000 ರೂ. ಪಾಲಿಸಿ ಶುರುವಾದಾಗ ಕಾರಿಗೆ ಎರಡು ವರ್ಷ ದಾಟಿತ್ತು, ಸವಕಳಿ ಶೇ. 30. ಐಡಿವಿ 10,50,000 ರೂ. ಅದರ ಶೇ. 75 ಅಂದರೆ 7,87,500 ರೂ. ಇದೇ ನಮ್ಮ ಗೆರೆ. ಅಪಘಾತವಾದಾಗ ಕಾರಿಗೆ ಇನ್ನೂ ಮೂರು ವರ್ಷ ತುಂಬಿಲ್ಲ. ಲೋಹದ ಭಾಗಗಳಿಗೆ 1,00,000, ಕೂಲಿ ಮತ್ತು ಪೇಂಟಿಂಗ್‌ಗೆ 60,000, ಹೊಸ ಬ್ಯಾಟರಿಗೆ 7,00,000 ಎಂದುಕೊಳ್ಳೋಣ.

ಮೊದಲನೆಯ ಉತ್ತರ: ಪರೀಕ್ಷೆ ಮಾಡಿದಾಗ ಸೆಲ್‌ಗಳು ಚೆನ್ನಾಗಿವೆ, ಕವಚ ಮಾತ್ರ ಬದಲಿಸಿದರೆ ಸಾಕು, ಅದಕ್ಕೆ 1,20,000. ಒಟ್ಟು 2,80,000 ರೂ. ಗೆರೆಯಿಂದ ಬಹಳ ಕೆಳಗಿದೆ. ಇದು ರಿಪೇರಿ.

ಎರಡನೆಯ ಉತ್ತರ: ಬ್ಯಾಟರಿ ಪೂರ್ತಿ ಬದಲಿಸಬೇಕು, ಮಾಲೀಕರು ಸವಕಳಿ ಕಳೆಯದ, ಅಂದರೆ "ಝೀರೋ ಡೆಪ್" ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದಾರೆ, ಅದರಲ್ಲಿ ಈ ಬ್ಯಾಟರಿಯೂ ಸೇರಿದೆ. ಒಟ್ಟು 8,60,000 ರೂ. ಗೆರೆ ದಾಟಿತು. ಇದು ಪೂರ್ತಿ ನಷ್ಟ. ಕಡ್ಡಾಯ ಕಡಿತದ ಸಣ್ಣ ಮೊತ್ತ ಬಿಟ್ಟು 10,50,000 ಸಿಗಬೇಕು.

ಮೂರನೆಯ ಉತ್ತರವನ್ನು ಗಮನವಿಟ್ಟು ಓದಿ. ಬ್ಯಾಟರಿ ಬದಲಿಸಬೇಕು, ಆದರೆ ಝೀರೋ ಡೆಪ್ ಇಲ್ಲ. ದರಪಟ್ಟಿಯ ಪ್ರಕಾರ ರಬ್ಬರ್, ಪ್ಲಾಸ್ಟಿಕ್, ಟೈರ್, ಏರ್‌ಬ್ಯಾಗ್‌ಗಳ ಜೊತೆಗೆ ಬ್ಯಾಟರಿಗೂ ಶೇ. 50 ಸವಕಳಿ. ಎರಡರಿಂದ ಮೂರು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ. 15. ಅಂದರೆ ಬ್ಯಾಟರಿಯಲ್ಲಿ 3,50,000, ಲೋಹದಲ್ಲಿ 15,000, ಒಟ್ಟು 3,65,000 ರೂ. ಮಾಲೀಕರ ತಲೆಗೆ. ಕಂಪನಿಯ ಪಾಲು 4,95,000 ಮಾತ್ರ. ಶೇ. 75ರ ನಿಯಮದಲ್ಲಿ "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ಎಂಬ ಮಾತೊಂದಿದೆ. ಅದನ್ನು ಹಿಡಿದು ಈ 4,95,000ವನ್ನೇ ಗೆರೆಗೆ ಹೋಲಿಸಿದರೆ ಕಾರು ಪೂರ್ತಿ ನಷ್ಟವಲ್ಲ, ರಿಪೇರಿ! ಮಾಲೀಕರು ಮೂರೂವರೆ ಲಕ್ಷಕ್ಕೂ ಹೆಚ್ಚು ಹಣ ಹೊಂದಿಸಿದರೆ ಮಾತ್ರ ಗಾಡಿ ಮನೆಗೆ ಬರುತ್ತದೆ.

ಡಿಕ್ಕಿ ಒಂದೇ, ಜಖಂ ಒಂದೇ. ಎರಡನೆಯವರ ಕೈಯಲ್ಲಿ ಹತ್ತೂವರೆ ಲಕ್ಷ, ಮೂರನೆಯವರ ಕೈಯಲ್ಲಿ ಬಿಲ್ಲು.

ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. 2002ರಲ್ಲಿ ಈ ಪಟ್ಟಿ ಬರೆದಾಗ "ಬ್ಯಾಟರಿ" ಎಂದರೆ ಹೆಚ್ಚಿನವರ ಮನಸ್ಸಿಗೆ ಬರುತ್ತಿದ್ದದ್ದು ಬಾನೆಟ್ ಕೆಳಗಿನ ಸಣ್ಣ 12 ವೋಲ್ಟ್ ಪೆಟ್ಟಿಗೆ. ಕೆಲವು ವರ್ಷಕ್ಕೊಮ್ಮೆ ಬದಲಿಸುವ ಆ ವಸ್ತುವಿಗೆ ಅರ್ಧ ಬೆಲೆ ಕಳೆಯುವುದು ನ್ಯಾಯವೇ. ಆದರೆ ಇಂದಿನ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಕಂಪನಿಗಳೇ ಎಂಟು ವರ್ಷದ ವಾರಂಟಿ ಕೊಡುತ್ತಿವೆ. ಪದ ಒಂದೇ ಉಳಿಯಿತು, ವಸ್ತು ಬದಲಾಯಿತು. ಅಂದ ಹಾಗೆ, ಆ ವಾರಂಟಿ ತಯಾರಿಕೆಯ ದೋಷಕ್ಕೆ, ಅಪಘಾತಕ್ಕಲ್ಲ.

ಹಣ ಯಾರಿಗೆ, ಗಾಡಿ ಯಾರಿಗೆ?

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವಿಮೆಯ ತತ್ವಗಳನ್ನು ಓದಿದ್ದೇವೆ. ನಷ್ಟ ಪರಿಹಾರ ತತ್ವದ ಪ್ರಕಾರ ವಿಮೆಯಿಂದ ಯಾರೂ ಲಾಭ ಮಾಡಿಕೊಳ್ಳುವಂತಿಲ್ಲ. ಆದ್ದರಿಂದ ಪೂರ್ತಿ ಐಡಿವಿ ಪಡೆದರೆ ಗಾಡಿಯ ಅವಶೇಷ ಕಂಪನಿಗೆ ಸೇರುತ್ತದೆ. ಅವಶೇಷ ನಾವೇ ಇಟ್ಟುಕೊಂಡರೆ ಅದರ ಬೆಲೆಯನ್ನು ಕಳೆದು ಉಳಿದದ್ದನ್ನು ಕೊಡುತ್ತಾರೆ.

ಕಾರಿನ ಮೇಲೆ ಬ್ಯಾಂಕ್ ಸಾಲವಿದ್ದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಸಾಲ 11,00,000 ಬಾಕಿ ಇದ್ದು ಐಡಿವಿ 10,50,000 ಆಗಿದ್ದರೆ, ಕಾರೂ ಇಲ್ಲ, ಮೇಲೆ 50,000 ಸಾಲ ಉಳಿಯಿತು. ಟ್ಯಾಕ್ಸಿ ಓಡಿಸಿ ಮನೆ ನಡೆಸುವವರಿಗೆ ಇದು ಸಣ್ಣ ಮಾತಲ್ಲ.

ಗಾಡಿ ಮತ್ತೆ ಬಳಸಲಾಗದಂತೆ ನಾಶವಾಗಿದ್ದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ 14 ದಿನಗಳೊಳಗೆ, ಅಥವಾ ಸಾಧ್ಯವಾದಷ್ಟು ಬೇಗ, ಆರ್‌ಟಿಓಗೆ ತಿಳಿಸಬೇಕು. ಇಲ್ಲದಿದ್ದರೆ ಗಾಡಿ ಬೇರೆಯವರ ಕೈಯಲ್ಲಿ, ದಾಖಲೆ ನಿಮ್ಮ ಹೆಸರಲ್ಲಿ ಎಂಬಂತಾಗುತ್ತದೆ. ಬ್ಯಾಟರಿಯನ್ನು ಗುಜರಿ ಅಂಗಡಿಯಲ್ಲಿ ಒಡೆಯುವುದು ಅಪಾಯ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ.

ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಇರುವವರು, ತೆಗೆದುಕೊಳ್ಳುವವರು ನೆನಪಿಡಬೇಕಾದ್ದು

1. ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದರಿಂದ ನಮ್ಮ ಕಾರಿನ ರಿಪೇರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಸ್ವಂತ ವಾಹನದ ಹಾನಿಯ ರಕ್ಷಣೆ ಬೇರೆಯೇ ಇರಬೇಕು.

2. ಪಾಲಿಸಿ ತೆಗೆದುಕೊಳ್ಳುವ ಮುಂಚೆಯೇ ಕೇಳಿ: ದೊಡ್ಡ ಬ್ಯಾಟರಿಗೆ ಸವಕಳಿ ಎಷ್ಟು? ಝೀರೋ ಡೆಪ್‌ನಲ್ಲಿ ಅದು ಸೇರಿದೆಯೇ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಇರಲಿ. ಪ್ರೀಮಿಯಂ ಕಡಿಮೆಯಾಗಲೆಂದು ಐಡಿವಿಯನ್ನು ಇಳಿಸಬೇಡಿ, ಪೂರ್ತಿ ನಷ್ಟವಾದ ದಿನ ಸಿಗುವುದು ಅದೇ ಮೊತ್ತ.

3. ಅಪಘಾತವಾದರೆ ಮೊದಲು ಜನ, ಆಮೇಲೆ ಗಾಡಿ. ಕಿತ್ತಳೆ ಬಣ್ಣದ ವೈರುಗಳನ್ನು ಮುಟ್ಟಬೇಡಿ, ಅವುಗಳಲ್ಲಿ ಹೆಚ್ಚು ವೋಲ್ಟೇಜ್ ಇರುತ್ತದೆ. ಹಗ್ಗ ಕಟ್ಟಿ ಎಳೆಯಬೇಡಿ, ಪೂರ್ತಿ ಮೇಲೆತ್ತಿ ಸಾಗಿಸುವ ಗಾಡಿಯನ್ನು ಕರೆಸಿ. ಬೇರೆ ವಾಹನಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸಿ.

4. ಬ್ಯಾಟರಿಯ ಪರೀಕ್ಷಾ ವರದಿ ಕೇಳಿ. ಸೆಲ್‌ಗಳ ವೋಲ್ಟೇಜ್ ಸಮವಾಗಿದೆಯೇ, ಇನ್ಸುಲೇಶನ್ ಸರಿಯಿದೆಯೇ, ಕವಚ ಸೋರುತ್ತಿದೆಯೇ, ಕವಚ ಅಥವಾ ಮಾಡ್ಯೂಲ್ ಮಾತ್ರ ಬದಲಿಸಬಹುದೇ? ಮೊದಲನೆಯ ಮತ್ತು ಎರಡನೆಯ ಉತ್ತರದ ನಡುವಿನ ವ್ಯತ್ಯಾಸ ಈ ಒಂದು ಕಾಗದದಲ್ಲಿದೆ.

5. ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆಯಿರಿ. ಒಪ್ಪಿಗೆಯಿಲ್ಲದಿದ್ದರೆ ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ನಷ್ಟ ಎಂಬುದಕ್ಕೆ ಉರ್ದುವಿನಲ್ಲಿ ನುಕ್ಸಾನ್ ಎನ್ನುತ್ತೇವೆ, ಕನ್ನಡದಲ್ಲೂ ನುಕಸಾನು ಎಂಬ ಮಾತಿದೆ. ಯಾವ ಭಾಷೆಯಲ್ಲಿ ಹೇಳಿದರೂ, ಅದು ಪೂರ್ತಿಯೋ ಅರ್ಧವೋ ಎಂದು ತೀರ್ಮಾನಿಸುವುದು ಕಾರಿನ ಮುಖವಲ್ಲ, ಬ್ಯಾಟರಿಯ ವರದಿ ಮತ್ತು ಪಾಲಿಸಿಯ ಸಾಲುಗಳು. ನಮ್ಮ ಮನೆಗಳಲ್ಲಿ ಪಾಲಿಸಿ ಕಾಗದ ಬೀರುವಿನೊಳಗೆ ಮಡಚಿದಂತೆಯೇ ಇರುತ್ತದೆ. ಅದನ್ನು ಓದಬಲ್ಲವರು ಎಷ್ಟೋ ಮನೆಗಳಲ್ಲಿ ಕಾಲೇಜಿಗೆ ಬರುವ ನಾವೇ. ಈ ಭಾನುವಾರ ಅದನ್ನು ಹೊರತೆಗೆದು, ಐಡಿವಿ ಎಷ್ಟು, ಬ್ಯಾಟರಿಯ ಬಗ್ಗೆ ಏನು ಬರೆದಿದೆ ಎಂದು ಅಪ್ಪ ಅಮ್ಮನಿಗೆ ಓದಿ ಹೇಳಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ